ಒಲೆಯ ಪಕ್ಕದ ಮಡಕೆ

ಒಂದು ಶೆಡ್ಡು ಎಬ್ಬಿಸುವುದಕ್ಕೆ ಏನೇನು ಬೀಳುತ್ತದೆ ಎನ್ನುವುದು ಲಕ್ಷ್ಮೀಕಾಂತನಿಗೆ ಬಾಯಿಪಾಠವಾಗಿತ್ತು. ಜೆಸಿಬಿಗೆ ಗಂಟೆಗೆ ಸಾವಿರದ ಇನ್ನೂರು, ಅದರ ಡ್ರೈವರನಿಗೆ ಮಧ್ಯಾಹ್ನದ ಊಟ ಬೇರೆ, ಊಟ ತಡವಾದರೆ ಅವನ ಮುಖ ಬೇರೆ. ಕಂಬಿಯ ದರ ಬೆಳಿಗ್ಗೆ ಕೇಳಿದ್ದು ಸಂಜೆಗಿರುವುದಿಲ್ಲ. ಮಾಡಿನ ಶೀಟು ಅಗ್ಗದ್ದು ತಂದರೆ ಎರಡು ಮಳೆಗಾಲಕ್ಕೆ ತೂತು, ದುಬಾರಿಯದು ತಂದರೆ ತೂತು ಮೊದಲೇ ಜೇಬಿಗೆ. ಮಾಚೇನಹಳ್ಳಿಯ ಎರಡು ಲೇತಿನ ವರ್ಕ್‌ಶಾಪಿನಿಂದಲೇ ಒಂದು ಮನೆ, ಮಗಳ ಮದುವೆ, ಒಂದು ಹಳೆಯ ಕಾರು ಎಲ್ಲವನ್ನೂ ಎತ್ತಿದವನಿಗೆ ಇಂಥ ಲೆಕ್ಕ ಹೆದರಿಕೆಯದ್ದಲ್ಲ. ಆದರೆ ಒಂದು ಮಡಕೆ ಎಲುಬಿಗೆ ಏನು ಬೀಳುತ್ತದೆಂದು ಅವನಿಗೆ ಯಾರೂ ಕೊಟೇಶನ್ ಕೊಟ್ಟಿರಲಿಲ್ಲ. ಇವತ್ತು ಬೆಳಗಾಗುವಷ್ಟರಲ್ಲಿ ಅದಕ್ಕೆ ಬಿದ್ದದ್ದು ಕೂಡ್ಲಿಗೆ ಹೋಗಿಬರುವಷ್ಟು ಪೆಟ್ರೋಲು, ಒಂದು ತೆಂಗಿನಕಾಯಿ, ಹೆಂಡತಿಗೆ ಹೇಳಿದ ಒಂದು ಸುಳ್ಳು. ಮೂರನೆಯದರ ದರ ಇನ್ನೂ ಗೊತ್ತಾಗಬೇಕಿತ್ತು.

ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದ ಮ್ಯೂಸಿಯಮ್ಮಿನ ಕಡೆಯ ಹುಡುಗಿ ಇನ್ನೂ ಬಂದಿರಲಿಲ್ಲ. ಲಕ್ಷ್ಮೀಕಾಂತ ವರ್ನಿಯರ್ ಹಿಡಿದುಕೊಂಡು ಒಂದೇ ಬುಶ್ಶನ್ನು ಮತ್ತೆ ಮತ್ತೆ ಅಳೆಯುತ್ತಿದ್ದ. ಓದಿದ ಅಳತೆ ಮನಸ್ಸಿನಲ್ಲಿ ನಿಲ್ಲದೆ ಜಾರಿಹೋಗುತ್ತಿತ್ತು. ಕಿಟಕಿಯಾಚೆ, ಹೊಸ ಶೆಡ್ಡಿನ ಪಾಯಕ್ಕೆಂದು ತೋಡಿದ ಗುಂಡಿ. ಅದರೊಳಗೆ ಒಂದು ಮೂಲೆಯಲ್ಲಿ, ಊಟದ ಡಬ್ಬಿ ಸುತ್ತುವ ನೀಲಿ ಬಟ್ಟೆ, ಮೂಲೆಗೊಂದರಂತೆ ನಾಲ್ಕು ಕಲ್ಲು. ಬಟ್ಟೆ ಹೊದಿಸಿದವಳು ಹೆಂಡತಿ ವಾಣಿ, ನಿನ್ನೆ ಸಂಜೆ. ಬೆಳಗಿನ ಜಾವ ಅದನ್ನು ತೆಗೆದು ಮತ್ತೆ ಹಾಗೆಯೇ ಹೊದಿಸಿದವನು ತಾನು. ಕಲ್ಲುಗಳು ಇದ್ದ ಜಾಗದಲ್ಲೇ ಇವೆಯೇ? ಎಡಗಡೆಯದು ಸ್ವಲ್ಪ ಸರಿದಂತೆ ಕಾಣುತ್ತಿತ್ತು. ಹೋಗಿ ಸರಿಮಾಡೋಣವೆಂದರೆ ವಾಣಿ ಬಿಲ್ಲಿನ ಮೇಜಿನ ಮುಂದೆ ಕೂತು ಕಂಪ್ಯೂಟರನ್ನೂ ನೋಡದೆ ಆ ಬಟ್ಟೆಯನ್ನೇ ನೋಡುತ್ತಿದ್ದಳು. ನಿನ್ನೆ ಜೆಸಿಬಿಯ ಬಕೆಟ್ಟು ಕರ್ರಗಿನ ಮಣ್ಣನ್ನು ಎತ್ತುವಾಗ ಟಕ್ಕೆಂದದ್ದು, ಡ್ರೈವರ್ ಗೇರು ಬಿಟ್ಟು ಇಳಿದದ್ದು, ಬೂದು ಬಣ್ಣದ ಒರಟು ಮಡಕೆಯ ಬಾಯಿಗೆ ಇನ್ನೊಂದು ಬಟ್ಟಲನ್ನು ಬೋರಲು ಹಾಕಿ ಮುಚ್ಚಿದ್ದು ಕಂಡದ್ದು, ಆ ಮುಚ್ಚಳ ತೆಗೆದಾಗ ಒಳಗೆ ಮಣ್ಣಿನ ನಡುವೆ ಸಣ್ಣ ಸಣ್ಣ ಎಲುಬು, ತಲೆಯದ್ದಂತೂ ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗೆ, ಎಲ್ಲ ಮತ್ತೆ ಕಣ್ಣ ಮುಂದೆ ಬಂತು. "ಸಾರ್, ಮುಚ್ಚಿಬಿಡಿ ಸಾರ್," ಎಂದಿದ್ದ ಡ್ರೈವರ್. "ಪೇಪರ್‌ನವರಿಗೆ ಗೊತ್ತಾದ್ರೆ ನಾಳೆಯಿಂದ ನಿಮ್ಮ ಸೈಟಿಗೆ ನೀವೇ ವಾಚ್‌ಮನ್ನು." ಲೇತಿನ ಮುಂದಿದ್ದ ಕೃಷ್ಣಪ್ಪ ಬಂದು ಬಗ್ಗಿ ನೋಡಿ ಹಿಂದಕ್ಕೆ ಸರಿದಿದ್ದ. ಕೊನೆಗೆ ಬಂದವಳು ವಾಣಿ. ಮಂಡಿಯೂರಿ ಕೂತು ಬಹಳ ಹೊತ್ತು ನೋಡಿ, "ಮಗು" ಎಂದಳು. ಅಷ್ಟೆ. ಆಮೇಲೆ ಎದ್ದು ಶಿವಮೊಗ್ಗದ ಮ್ಯೂಸಿಯಮ್ಮಿಗೆ ಫೋನು ಹಚ್ಚಿದಳು. "ಅವರು ಬಂದು ನೋಡೋವರೆಗೂ ಯಾರೂ ಮುಟ್ಟಬಾರದು" ಎಂದಳು. ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ವಿಷಯಕ್ಕೆ ಬಿಟ್ಟರೆ ಆ ಧ್ವನಿಯಲ್ಲಿ ಅವಳು ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

ಮುಟ್ಟಬಾರದೆಂದು ಅವನಿಗೂ ಅನಿಸಿತ್ತು. ಆದರೆ ರಾತ್ರಿಯೆಲ್ಲ ನಿದ್ದೆಯ ನಡುವೆ ಅಪ್ಪ ಬಂದು ಕೂತಿದ್ದರು. ಪಂಚಾಂಗ ಹೇಳಿ, ಊರ ಮನೆಗಳಿಗೆಲ್ಲ ಪಾಯ ಇಡಿಸಿದವರು ಅವರು. ನೆಲದಲ್ಲಿ ಎಲುಬು ಸಿಕ್ಕಿದರೆ ಅದಕ್ಕೆ ಶಲ್ಯ ಎನ್ನುತ್ತಿದ್ದರು; ಅದನ್ನು ತೆಗೆದು ನೀರಿಗೆ ಬಿಡದೆ ಮೇಲೆ ಕಟ್ಟಿದ್ದು ನಿಲ್ಲುವುದಿಲ್ಲ, ಕಟ್ಟಿದವನೂ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಲಕ್ಷ್ಮೀಕಾಂತ ಡಿಪ್ಲೊಮಾ ಓದಿ ಕಬ್ಬಿಣದ ಹಾದಿ ಹಿಡಿದವನು, ಸಂಧ್ಯಾವಂದನೆಯನ್ನು ಎಂದೋ ಬಿಟ್ಟವನು. ಆದರೂ ಅಪ್ಪನ ಮಾತು ಅವನೊಳಗೆ ಬೋಲ್ಟಿನ ತುಕ್ಕಿನ ಹಾಗೆ ಹಿಡಿದು ಕೂತಿತ್ತು. ಬೆಳಗಿನ ಜಾವ, ಸೆಂಟ್ರಿಂಗಿನವರನ್ನು ನೋಡಿಬರುತ್ತೇನೆ ಎಂದು ವಾಣಿಗೆ ಹೇಳಿ, ವರ್ಕ್‌ಶಾಪಿಗೆ ಬಂದ. ಎಲುಬುಗಳನ್ನು ಒಂದೊಂದಾಗಿ ಎತ್ತಿದ. ಸುತ್ತುವುದಕ್ಕೆ ಅಲ್ಲಿ ಇದ್ದದ್ದು ಎಣ್ಣೆ ಒರೆಸುವ ಕಾಟನ್ ವೇಸ್ಟು. ಹೊಸ ಕಟ್ಟು ಬಿಚ್ಚಿ ಒಳಗಿನ ಬಿಳಿಯದನ್ನೇ ಆರಿಸಿ ತೆಗೆದ. ಕಾರಿನ ಪಕ್ಕದ ಸೀಟಿನಲ್ಲಿಟ್ಟು ಹೊರಟ. ಒಂದು ತಿರುವಿನಲ್ಲಿ ಅದು ಜಾರಿದಾಗ ಎಡಗೈ ತಾನಾಗಿಯೇ ಹೋಗಿ ಹಿಡಿದುಕೊಂಡಿತು. ಹೊಳೆಹೊನ್ನೂರು ದಾಟುವವರೆಗೂ ಕೈ ತೆಗೆಯಲಿಲ್ಲ.

ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗುವ ಕಡೆ ಮೆಟ್ಟಿಲ ಮೇಲೆ ಒಬ್ಬ ಮುದುಕ ಪುರೋಹಿತರು ಶಾಲು ಹೊದ್ದು ಮೊಬೈಲಿನಲ್ಲಿ ಭಜನೆ ಹಾಕಿಕೊಂಡು ಕೂತಿದ್ದರು. ಪೊಟ್ಟಣ ನೋಡಿದ್ದೇ ಭಜನೆ ಆರಿಸಿದರು. "ಯಾರದು?" ಎಂದರು. ಲಕ್ಷ್ಮೀಕಾಂತ, "ಮಗುವಿಂದು" ಎಂದ. "ಹೆಸರು?" "ಹೆಸರು ಇಟ್ಟಿರಲಿಲ್ಲ." "ಗೋತ್ರ?" ಬಾಯಿ ಸುಮ್ಮನಿರಲಿಲ್ಲ, ತನ್ನದೇ ಗೋತ್ರ ಹೇಳಿಬಿಟ್ಟಿತು. ಪುರೋಹಿತರು ಅವನ ನೆರೆತ ಕೂದಲನ್ನೂ ಕೈಯಲ್ಲಿದ್ದ ಕಾಟನ್ ವೇಸ್ಟನ್ನೂ ನೋಡಿದರು. "ಹೆಸರಿಡದ ಕೂಸಿಗೆ ಅಸ್ಥಿ ಎಲ್ಲಿಂದ ಬಂತು ಮಾರಾಯ್ರೆ? ಅದನ್ನ ಸುಡೋದಿಲ್ಲ, ಹೂಳೋದು. ಮಂತ್ರ ಇಲ್ಲ, ತಿಥಿ ಇಲ್ಲ. ತಂದಾಗಿದೆ, ಸುಮ್ನೆ ಬಿಟ್ಟು ಹೋಗಿ." ಹಣ ಕೊಡಲು ಹೋದರೆ, "ಮಾಡದ ಕೆಲಸಕ್ಕೆ ದಕ್ಷಿಣೆಯೇ?" ಎಂದು ಮತ್ತೆ ಭಜನೆ ಹಾಕಿಕೊಂಡರು. ಅವನು ಮೊಣಕಾಲವರೆಗೆ ಇಳಿದು, ಕಾಯಿ ಒಡೆದು, ಬಿಟ್ಟ. ಎಲುಬು ಮುಳುಗಿತು, ಹತ್ತಿ ಮುಳುಗದೆ ಬಹಳ ದೂರ ಬೆಳ್ಳಗೆ ತೇಲಿಕೊಂಡು ಹೋಯಿತು. ಅದು ಮರೆಯಾಗುವವರೆಗೂ ನಿಂತು ನೋಡಿದ. ತನ್ನ ಮೊದಲ ಕೂಸು ಹೋದ ದಿನ ನೋಡಿರಲಿಲ್ಲ. ಆವತ್ತು ಅವನು ಭದ್ರೆಯ ದಂಡೆಯಲ್ಲಿ ಬೆನ್ನು ಹಾಕಿ ಕೂತಿದ್ದ, ಆಚೆ ಕಾರ್ಖಾನೆಯ ಚಿಮಣಿಯ ಹೊಗೆ ನೋಡುತ್ತ. ಹಿಂದೆ ಕೃಷ್ಣಪ್ಪ ಹಾರೆ ಹಾಕುತ್ತಿದ್ದ. ಆಗ ಇಬ್ಬರೂ ಕಾರ್ಖಾನೆಯ ಒಂದೇ ಶಿಫ್ಟಿನವರು. ಹಾರೆ ಕಲ್ಲಿಗೆ ತಗುಲಿದ ಸದ್ದು, ಮತ್ತೆ ಮಣ್ಣಿನ ಸದ್ದು. "ಭಟ್ರೆ, ಒಂದು ಸಲ ನೋಡ್ತೀರಾ?" ಎಂದು ಕೃಷ್ಣಪ್ಪ ಕೇಳಿದ್ದ. ಲಕ್ಷ್ಮೀಕಾಂತ ತಿರುಗಲಿಲ್ಲ. "ಮುಗಿಸು" ಎಂದ. ತಿರುಗಿದಾಗ ದಂಡೆಯೆಲ್ಲ ಒಂದೇ ಥರ ಇತ್ತು, ಕೃಷ್ಣಪ್ಪ ಸೊಪ್ಪಿನಿಂದ ಗುರುತು ಅಳಿಸಿಯಾಗಿತ್ತು, ಹಾಗೆ ಅಳಿಸುವುದೇ ಪದ್ಧತಿ.

ತಾಯಿಗೆ ಜಾಗ ಹೇಳಬಾರದೆನ್ನುವುದೂ ಪದ್ಧತಿಯೇ. ವಾಣಿ ಒಂದೇ ಒಂದು ಸಲ ಕೇಳಿದ್ದಳು, ಮೊರದಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಎಲ್ಲಿ?" ಎಂದು. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಮ್ಮ ಸುಭದ್ರಮ್ಮ ಹೇಳಿದ್ದರು: "ಅದನ್ನೆಲ್ಲ ಕೇಳಬಾರದು ಮಾರಾಯ್ತಿ. ಜಾಗ ಗೊತ್ತಾದ್ರೆ ಕಾಲು ಅಲ್ಲಿಗೇ ಹೋಗುತ್ತೆ. ಮುಂದಿನ ಬಸಿರಿಗೆ ಒಳ್ಳೇದಲ್ಲ." ಅಮ್ಮನ ಮಾತು ಅವನಿಗೆ ಒಂದು ಬಾಗಿಲಿನಂತೆ ಒದಗಿ ಬಂದಿತ್ತು. ಅದರ ಹಿಂದೆ ನಿಂತುಕೊಂಡ. ಮುಂದಿನ ಬಸಿರು ಬಂತು, ಮಾನಸ ಹುಟ್ಟಿದಳು, ಓದಿದಳು, ಶಿವಮೊಗ್ಗದಲ್ಲೇ ಟೀಚರಾದಳು, ಅಮ್ಮ ತೀರಿಕೊಂಡರು. ಅವನು ಮಾತ್ರ ಬಾಗಿಲ ಹಿಂದೆಯೇ ನಿಂತಿದ್ದ. ವಾಣಿ ಅಂದುಕೊಂಡಿರಬೇಕು, ಗಂಡ ಪದ್ಧತಿಗೆ ಕಟ್ಟುಬಿದ್ದು ಹೇಳುತ್ತಿಲ್ಲ ಎಂದು. ಹೇಳಲು ತನ್ನ ಬಳಿ ಏನೂ ಇಲ್ಲ ಎನ್ನುವುದು ಅವಳಿಗೆ ಗೊತ್ತಾಗುವುದಕ್ಕಿಂತ ಅದೇ ವಾಸಿ ಎಂದು ಅವನಿಗೆ ಅನ್ನಿಸುತ್ತಿತ್ತು.

ಹುಡುಗಿ ಬಂದದ್ದು ಹನ್ನೊಂದು ದಾಟಿದ ಮೇಲೆ, ಸ್ಕೂಟಿಯಲ್ಲಿ, ಬೆನ್ನಿಗೆ ಬ್ಯಾಗು, ಹಣೆಗೆ ಬೆವರು. ಹೆಸರು ಮೇಧಾ, ಹೊಳೆದಂಡೆಯ ಹಳೆಯ ಊರುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳಂತೆ. ಮಾನಸಳಿಗಿಂತ ಚಿಕ್ಕವಳು. ನೀರು ಬೇಕೇ ಎಂದರೆ, "ಮೊದಲು ಮಡಕೆ ಆಂಟಿ, ಆಮೇಲೆ ನೀರು" ಎಂದು ಗುಂಡಿಗೆ ಇಳಿದೇಬಿಟ್ಟಳು. ವಾಣಿಯೂ ಸೆರಗು ಸಿಕ್ಕಿಸಿಕೊಂಡು ಇಳಿದಳು. ಲಕ್ಷ್ಮೀಕಾಂತ ಮೇಲೆ ನಿಂತ, ತನ್ನದೇ ಜಾಗದಲ್ಲಿ ಬಾಡಿಗೆಗೆ ಬಂದವನ ಹಾಗೆ. ಮೇಧಾ ಕಲ್ಲು ತೆಗೆದು, ಬಟ್ಟೆ ಮಡಿಸಿ ವಾಣಿಯ ಕೈಗೆ ಕೊಟ್ಟು, ಬಟ್ಟಲನ್ನು ಎತ್ತಿದಳು. ಒಳಗೆ ಟಾರ್ಚು ಬಿಟ್ಟಳು.

"ಆಂಟಿ, ಫೋನಲ್ಲಿ ಎಲುಬಿದೆ ಅಂದ್ರಲ್ಲ?"

ವಾಣಿ ಬಗ್ಗಿ ನೋಡಿದಳು. ನೋಡಿ ತಲೆ ಎತ್ತಿದಳು. ಮಡಕೆಯಿಂದ ನೇರ ಅವನ ಕಡೆಗೆ, ನಡುವೆ ಎಲ್ಲಿಯೂ ನಿಲ್ಲದೆ.

"ನಾಯಿ ಗೀಯಿ ಬಂದಿರಬೇಕು," ಎಂದ ಲಕ್ಷ್ಮೀಕಾಂತ. "ಇಲ್ಲಿ ನಾಯಿಗಳ ಕಾಟ ಜಾಸ್ತಿ."

"ಎಂಥ ಶಿಸ್ತಿನ ನಾಯಿ ಸಾರ್!" ಮೇಧಾ ನಕ್ಕಳು. "ತಿಂದು, ಮುಚ್ಚಳ ಮುಚ್ಚಿ, ಬಟ್ಟೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಬೇರೆ ಇಟ್ಟಿದೆ."

ಲೇತಿನ ಬೆಲ್ಟು ನಿಂತಿತು. ಕೃಷ್ಣಪ್ಪ ಬಾಗಿಲಿಗೆ ಬಂದು ನಿಂತಿದ್ದ. ಕಿವಿ ಬಿಸಿಯಾಗುವುದು ಲಕ್ಷ್ಮೀಕಾಂತನಿಗೆ ತಿಳಿಯುತ್ತಿತ್ತು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದಾಗ ಹೀಗೇ ಆಗುತ್ತಿತ್ತು. "ಕೂಡ್ಲೀಲಿ ನೀರಿಗೆ ಬಿಟ್ಟು ಬಂದೆ," ಎಂದ, ಮೇಧಾಳಿಗೆ ಹೇಳುವವನಂತೆ. "ಬೆಳಿಗ್ಗೆ. ಸ್ಮಶಾನದ ಜಾಗ ಅಂದ್ಮೇಲೆ ಹಾಗೇ ಬಿಡೋಕಾಗುತ್ತಾ? ನಮ್ಮಲ್ಲಿ ಅದಕ್ಕೊಂದು ಕ್ರಮ ಇದೆ."

ಮೇಧಾ ಬೈಯುತ್ತಾಳೆಂದು ಕಾದ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಮಡಕೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ನಿಟ್ಟುಸಿರು ಬಿಟ್ಟು, "ಹೋಯ್ತಲ್ಲ ಸಾರ್," ಎಂದಳು. "ಮಡಕೆ ಸುತ್ತ ಇದ್ದಿಲಿದೆ, ಎಷ್ಟು ಹಳೇದು ಅಂತ ಅದು ಹೇಳುತ್ತೆ. ಮೂರು ಸಾವಿರ ವರ್ಷ, ಜಾಸ್ತಿಯೇ ಇರಬಹುದು. ಆದರೆ ಆ ಮಗು ಹೆಣ್ಣಾ ಗಂಡಾ, ಹಾಲು ಕುಡಿದಿತ್ತಾ, ಏನಾಗಿ ಹೋಯ್ತು, ಅದನ್ನೆಲ್ಲ ಎಲುಬೇ ಹೇಳಬೇಕಿತ್ತು." ಆಮೇಲೆ ಬ್ಯಾಗಿನಿಂದ ಕುಂಚ ತೆಗೆದು ನೆಲ ಗುಡಿಸತೊಡಗಿದಳು. ಗುಡಿಸಿದಂತೆ ಗಟ್ಟಿಸಿದ ಮಣ್ಣಿನ ನೆಲವೊಂದು ಮೇಲೆ ಬಂತು, ಅದರಲ್ಲಿ ಅಂಗೈಯಗಲದ ಕಪ್ಪು ಕಲೆ, ಮಾರು ದೂರದಲ್ಲಿ ಇನ್ನೊಂದು, ಮತ್ತೊಂದು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಸ್ಮಶಾನ ಅಲ್ಲ. ಈ ಕಲೆ ನೋಡಿ, ಕಂಬ ನೆಟ್ಟಿದ್ದ ಗುಳಿಗಳು. ಮರ ಕೊಳೆತುಹೋಗಿದೆ, ಕಪ್ಪು ಉಳಿದಿದೆ. ಒಂದಕ್ಕೊಂದು ಸೇರಿಸಿದ್ರೆ ದುಂಡಗೆ ಬರುತ್ತೆ. ಇಲ್ಲಿ ಬೂದಿ, ಒಲೆ ಇದ್ದ ಜಾಗ. ಇದು ಮನೆ ಸಾರ್."

"ಮನೆಯೊಳಗೆ ಎಲುಬಾ?" ಎಂದ ಕೃಷ್ಣಪ್ಪ.

"ದೊಡ್ಡವರನ್ನ ಬೇರೆ ಕಡೆ ಹೂಳ್ತಿದ್ರು. ಎಳೇ ಕೂಸುಗಳನ್ನ ಹೀಗೆ ಮಡಕೆಯಲ್ಲಿಟ್ಟು ಮನೆಯ ನೆಲದಡಿಯಲ್ಲೇ ಇಡ್ತಿದ್ರು. ಬೇರೆ ಕಡೆಯೂ ಸಿಕ್ಕಿದೆ. ಯಾಕೆ ಅಂತ ಖಂಡಿತ ಗೊತ್ತಿಲ್ಲ. ಮತ್ತೆ ಅದೇ ಹೊಟ್ಟೆಗೆ ಬರಲಿ ಅಂತಿರಬಹುದು. ಹೊರಗೆ ಒಂದೇ ಬಿಡೋಕೆ ಮನಸ್ಸಾಗದೆಯೂ ಇರಬಹುದು."

ವಾಣಿ ಕೈಯಲ್ಲಿದ್ದ ನೀಲಿ ಬಟ್ಟೆಯನ್ನು ಮತ್ತೊಮ್ಮೆ ಮಡಿಸಿದಳು. ಅದು ಮೊದಲೇ ಮಡಿಸಿದ್ದು. "ತಾಯಿಗೆ ಗೊತ್ತಿರ್ತಿತ್ತಾ," ಎಂದಳು, "ಎಲ್ಲಿಟ್ಟಿದಾರೆ ಅಂತ?"

ಮೇಧಾ ಒಲೆಯ ಬೂದಿಯನ್ನೂ ಮಡಕೆಯನ್ನೂ ನೋಡಿದಳು. ನಡುವೆ ಗೇಣೂ ಇರಲಿಲ್ಲ. "ದಿನಾ ಇದರ ಪಕ್ಕದಲ್ಲೇ ಕೂತು ಅಡುಗೆ ಮಾಡ್ತಿದ್ಲು ಆಂಟಿ."

ಪಕ್ಕದ ಫ್ಯಾಕ್ಟರಿಯಲ್ಲಿ ಯಾರೋ ಕಬ್ಬಿಣ ಕೊಯ್ಯುತ್ತಿದ್ದರು. ಆ ಕರಕರ ನಿಂತಾಗಲೆಲ್ಲ ಗುಂಡಿ ಇನ್ನಷ್ಟು ಆಳವಾದಂತೆ ಲಕ್ಷ್ಮೀಕಾಂತನಿಗೆ ಕಾಣುತ್ತಿತ್ತು. ಆ ದುಂಡು ತನ್ನ ಆಫೀಸು ರೂಮಿಗಿಂತ ದೊಡ್ಡದಿರಲಿಲ್ಲ. ಅಷ್ಟರಲ್ಲೇ ಒಬ್ಬ ಗಂಡಸು ನೆಲ ಅಗೆದಿರಬೇಕು. ಹೆಂಡತಿ ನೋಡುತ್ತಿರುವಾಗ, ಒಲೆ ಉರಿಯುತ್ತಿರುವಾಗ. ಬೆನ್ನು ಹಾಕಿ ಕೂರಲು ಅವನಿಗೆ ಅಷ್ಟು ಚಿಕ್ಕ ಮನೆಯಲ್ಲಿ ಜಾಗವೇ ಇರಲಿಲ್ಲವೇನೋ. ಅಗೆದವನು ಆ ರಾತ್ರಿ ಅಲ್ಲೇ ಮಲಗಿದ್ದ. ಬೆಳಿಗ್ಗೆ ಎದ್ದು ಅದರ ಮೇಲೆಯೇ ನಡೆದು ಕೆಲಸಕ್ಕೆ ಹೋಗಿದ್ದ. ಇದೆಲ್ಲ ಮುಗಿದು, ಕಂಬ ಕೊಳೆತು, ಹೊಳೆ ಎಷ್ಟೋ ಸಲ ಉಕ್ಕಿ ಇಳಿದು, ಬಟ್ಟಲು ಮುಚ್ಚಿದ ಹಾಗೆಯೇ ಉಳಿದಿತ್ತು. ಮನೆಯಿಂದ ಆ ಕೂಸನ್ನು ಹೊರಗೆ ಹಾಕಲು ತಾನು ಬರಬೇಕಾಯಿತು, ಬಿಳಿ ಹತ್ತಿ ಆರಿಸಿಕೊಂಡು. ಕ್ರಮ ಎಂದಿದ್ದೆನಲ್ಲ ಆ ಹುಡುಗಿಯ ಮುಂದೆ.

ಮಧ್ಯಾಹ್ನದವರೆಗೂ ಮೇಧಾ ಫೋಟೋ ತೆಗೆದಳು, ದಾರ ಕಟ್ಟಿದಳು, ಯಾರು ಯಾರಿಗೋ ಫೋನು ಮಾಡಿದಳು. ಪುರಾತತ್ವ ಇಲಾಖೆಯವರು ಬಂದು ನೋಡುವವರೆಗೆ ಪಾಯದ ಕೆಲಸ ನಿಲ್ಲಿಸಬೇಕು ಎಂದಳು. ಎಷ್ಟು ದಿನ ಎಂದರೆ, "ಸರ್ಕಾರದ ಕೆಲಸ ಸಾರ್, ನಾನು ಸುಳ್ಳು ಹೇಳಲ್ಲ" ಎಂದಳು. ವಾಣಿ ಅವಳಿಗೆ ತನ್ನ ಡಬ್ಬಿಯ ಚಿತ್ರಾನ್ನ ಕೊಟ್ಟಳು. ಅವನಿಗೂ ಎಂದಿನಂತೆ ಬಡಿಸಿದಳು. ಅವಳ ಪ್ರಶ್ನೆ ಇನ್ನೇನು ಬಂತು, ಇನ್ನೇನು ಬಂತು ಎಂದು ಅವನು ತುತ್ತಿಗೊಮ್ಮೆ ಕಾದ. ಸೆಂಟ್ರಿಂಗಿನವರು ಸಿಕ್ಕಿದರೇ ಎಂದಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಸಂಜೆ ಬಾಗಿಲು ಹಾಕುವಾಗ ಕೃಷ್ಣಪ್ಪ ಬೀಗದ ಕೈ ಕೊಡುತ್ತ ಅವನ ಕಣ್ಣು ತಪ್ಪಿಸಿ ವಾಣಿಯನ್ನು ನೋಡಿದ. "ಹೋಗ್ಬರ್ತೀನಿ ಅಕ್ಕ," ಎಂದ. "ನಂಜಮ್ಮನಿಗೆ ಏನಾದ್ರೂ ಹೇಳ್ಬೇಕಾ?" ನಂಜಮ್ಮ ಅವನ ಹೆಂಡತಿ. ವಾಣಿ, "ನಾಳೆ ನಾನೇ ಮನೆಗೆ ಬರ್ತೀನಿ ಅನ್ನು" ಎಂದಳು. ಲಕ್ಷ್ಮೀಕಾಂತ ಕಾರು ತಿರುಗಿಸಿ ಭದ್ರಾವತಿಯ ಹಾದಿ ಹಿಡಿದ. ಅವಳು ಬೆಳಿಗ್ಗೆ ಪೊಟ್ಟಣವಿದ್ದ ಸೀಟಿನಲ್ಲೇ ಕೂತಿದ್ದಳು. ಸೀಟಿನ ಮೂಲೆಗೆ ಹತ್ತಿಯ ಒಂದೆಳೆ ಅಂಟಿಕೊಂಡಿತ್ತು. ಅವಳು ಅದನ್ನು ಬಿಡಿಸಿ, ಎಸೆಯದೆ, ಬೆರಳಿಗೆ ಸುತ್ತಿಕೊಂಡಳು. ಈಗ ಹೇಳಬೇಕು, ಎಂದುಕೊಂಡ. ನ್ಯೂ ಟೌನಿನ ಸಾಲುಮರ ಬಂದವು, ಹಳೆಯ ಕ್ವಾರ್ಟರ್ಸುಗಳು ಬಂದವು. ವಾಕ್ಯದ ಮೊದಲ ಪದ ಯಾವುದಿರಬೇಕೆಂದು ಹುಡುಕುತ್ತಿದ್ದಾಗ ಅವಳು, "ಎಡಕ್ಕೆ ತಿರುಗಿಸಿ" ಎಂದಳು.

"ಮನೆ ಬಲಕ್ಕಲ್ವಾ?"

"ಗೊತ್ತು. ಎಡಕ್ಕೆ ತಿರುಗಿಸಿ."

ತಿರುಗಿಸಿದ. ಟಾರು ಮುಗಿದು ಮಣ್ಣು ಹಾದಿ ಬಂತು. "ಆ ಪಂಪ್‌ಹೌಸ್ ದಾಟಿ," ಎಂದಳು. "ನಿಧಾನ, ಮುಂದೆ ಒಂದು ಗುಂಡಿ ಇದೆ." ಗುಂಡಿ ಇತ್ತು. ಅವಳಿಗೆ ಹಾದಿಯ ಗುಂಡಿಯೂ ಗೊತ್ತಿತ್ತು. ಹೊಳೆ ಕಂಡಿತು, ಆಚೆ ಚಿಮಣಿ ಕಂಡಿತು. ಈಗ ಅದರಲ್ಲಿ ಹೊಗೆ ಇರಲಿಲ್ಲ.

"ಮಾನಸ ಹೊಟ್ಟೆಯಲ್ಲಿದ್ದಾಗ ನಂಜಮ್ಮ ಕರ್ಕೊಂಡು ಬಂದು ತೋರಿಸಿದ್ಲು," ಎಂದಳು ವಾಣಿ. ಬೇಳೆಯ ರೇಟು ಹೇಳುವಷ್ಟೇ ಸಲೀಸಾಗಿ. "ಕೃಷ್ಣಪ್ಪ ಅವಳಿಗೆ ಹೇಳಿದ್ದ. ನೀವು ತಿರುಗಿ ನೋಡಲಿಲ್ಲ ಅನ್ನೋದನ್ನೂ ಹೇಳಿದ್ದ."

ಅವನು ಎಂಜಿನ್ ಆರಿಸಿದ. "ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿ ಅಂತ."

ಇಳಿದರು. ದಂಡೆ ಅವನ ನೆನಪಿನಲ್ಲಿದ್ದಂತೆಯೇ ಒಂದೇ ಥರ ಇತ್ತು, ಹುಲ್ಲು, ಕಲ್ಲು, ಪ್ಲಾಸ್ಟಿಕ್ಕು. ವಾಣಿ ಮುಂದೆ ನಡೆದು, ನಿಂತು, ಕೈ ತೋರಿಸಿದಳು. ಅಲ್ಲಿ ಒಂದು ಬೈಕು ನಿಲ್ಲಿಸಿತ್ತು. ಅದರವನು ಕೆಳಗೆ ನೀರಿನ ಹತ್ತಿರ ಗಾಳ ಹಾಕಿ ಕೂತಿದ್ದ. ಇವರು ನಿಂತದ್ದನ್ನು ನೋಡಿ ಎದ್ದ. "ಗಾಡಿ ತೆಗೀಬೇಕಾ ಸಾರ್?"

"ಬೇಡ ಬೇಡ, ಇರಲಿ," ಎಂದಳು ವಾಣಿ. "ನಾವು ಸುಮ್ನೆ ಬಂದ್ವಿ."

ಅವನು ಮತ್ತೆ ಕೂತ. ಲಕ್ಷ್ಮೀಕಾಂತ ಬೈಕಿನ ಸ್ಟ್ಯಾಂಡು ಊರಿದ್ದ ಮಣ್ಣನ್ನು ನೋಡಿದ. ಬೆಳಕು ಇಳಿಯುವವರೆಗೂ ನೋಡಿದ. ವಾಣಿ ಬೆರಳಿಗೆ ಸುತ್ತಿದ್ದ ಎಳೆಯನ್ನು ಬಿಚ್ಚಿ ಅಲ್ಲಿ ಬಿಟ್ಟಳು. ಅದು ಹುಲ್ಲಿಗೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ವಾಪಸ್ಸು ಬರುವಾಗ ಗುಂಡಿ ಬಂದದ್ದೇ ಅವನು ತಾನಾಗಿಯೇ ಬ್ರೇಕು ಹಾಕಿದ.

ಆ ವರ್ಷ ಶೆಡ್ಡು ಏಳಲಿಲ್ಲ. ಕಂಬಿ ಹೊರಗೇ ಬಿದ್ದು ತುಕ್ಕು ಹಿಡಿಯಿತು. ಖಾಲಿ ಮಡಕೆಯನ್ನು ಮೇಧಾ ಶಿವಮೊಗ್ಗಕ್ಕೆ ಒಯ್ದಳು. ಕೂಡ್ಲಿಯ ನೀರಿಗೆ ಬಿಟ್ಟದ್ದು ಹೋಯಿತು, ಆ ಮಗು ಹೆಣ್ಣೋ ಗಂಡೋ ಇನ್ನು ಯಾರಿಗೂ ತಿಳಿಯುವುದಿಲ್ಲ. ತನ್ನ ಮಗು ಎಲ್ಲಿದೆ ಎನ್ನುವುದು ಲಕ್ಷ್ಮೀಕಾಂತನಿಗೆ ತಿಳಿಯಿತು.